ನಿಮಗಿದು ಗೊತ್ತೇ? ತಲೆಗೆ ಹೆಲ್ಮೆಟ್ಟೋ, ಟೋಪಿಯೋ?

ಹೊಸ ಬೈಕು ಮನೆಗೆ ಬಂದ ವಾರದೊಳಗೆ ಅದಕ್ಕೊಂದು ಕ್ರ್ಯಾಶ್ ಗಾರ್ಡ್ ಬರುತ್ತದೆ. ಟ್ಯಾಂಕಿಗೆ ರೆಕ್ಸಿನ್ ಕವರ್, ಸೀಟಿಗೆ ಇನ್ನೊಂದು ಕವರ್, ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಆಯುಧಪೂಜೆಗೆ ಕುಂಬಳಕಾಯಿ ಒಡೆದು ದೃಷ್ಟಿಯನ್ನೂ ತೆಗೆದಾಯಿತು. ಇಷ್ಟೆಲ್ಲ ಮುಗಿದ ಮೇಲೆ ಸವಾರನ ಸರದಿ. ರಸ್ತೆ ಬದಿ ಹಗ್ಗಕ್ಕೆ ನೇತುಹಾಕಿದ ಹೆಲ್ಮೆಟ್ಟುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದು ಅವನ ತಲೆಗೆ! 'ಟೋಪಿ ಹಾಕು' ಎಂಬ ಮಾತಿಗೆ ಕನ್ನಡದಲ್ಲಿ ಇರುವ ಎರಡನೇ ಅರ್ಥ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಈ ಸಲದ ಅಂಕಣ ತಲೆಗೆ, ಮೈಗೆ, ಕೊನೆಗೆ ಬೈಕಿಗೆ ರಕ್ಷಣೆ ಕೊಳ್ಳಲು ಹೊರಟವರಿಗೆ. ಅದೇ ಕ್ರಮದಲ್ಲಿ.

● ಹೆಲ್ಮೆಟ್ಟಿನ ಚರಿತ್ರೆಯಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ'ಗೂ ಒಂದು ಪುಟವಿದೆ. ಮರುಭೂಮಿಯ ಯುದ್ಧದಲ್ಲಿ ಬದುಕುಳಿದ ಟಿ.ಇ. ಲಾರೆನ್ಸ್‌ಗೆ ಬ್ರಫ್ ಸುಪೀರಿಯರ್ ಬೈಕೆಂದರೆ ಪ್ರಾಣ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿಬಿದ್ದರು. ತಲೆಯ ಮೇಲೆ ಏನೂ ಇರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು 46ನೇ ವಯಸ್ಸಿಗೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರಿದ್ದರು. ಆ ಸಾವು ಅವರ ಮನಸ್ಸಿನಿಂದ ಹೋಗಲಿಲ್ಲ. ಎರಡನೇ ಮಹಾಯುದ್ಧ ಶುರುವಾಗಿ ಸೇನೆಯ ಸಂದೇಶವಾಹಕರು ಬೈಕಿನಿಂದ ಬಿದ್ದು ಸಾಯತೊಡಗಿದಾಗ ಕೇರ್ನ್ಸ್ ಲೆಕ್ಕ ಹಾಕಲು ಕೂತರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿ ಸವಾರರು 2,279. ಹೆಲ್ಮೆಟ್ ತೊಟ್ಟು ಬಿದ್ದು ಅವರ ಬಳಿ ಬಂದವರು ಏಳೇ ಮಂದಿ, ಏಳೂ ಜನ ಬದುಕಿದ್ದರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ಅದೇ ವರ್ಷ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಆ ಕಾನೂನು ಬರಲು 1973ರವರೆಗೆ ಕಾಯಬೇಕಾಯಿತು.

● ಅದಕ್ಕೂ ಹಿಂದೆ, 1914ರಲ್ಲಿ, ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನಲ್ಲಿ ಸ್ಪರ್ಧಿಗಳಿಗೆ ಹೆಲ್ಮೆಟ್ ಕಡ್ಡಾಯವಾಗಿತ್ತು. ಅದನ್ನು ಮಾಡಿಸಿದವರು ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡನರ್. ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿ ಅದು. ಮಹಾಭಾರತದಲ್ಲಿ ಅರಗಿನ ಮನೆ ಕಟ್ಟಿದ್ದು ಕೊಲ್ಲಲು. ಇಲ್ಲಿ ಅದೇ ಅರಗು ಕಾಯಲು ಬಂತು.

● ಎಲ್ಲ ಬೈಕ್ ಸವಾರರೂ ಹೆಲ್ಮೆಟ್ ಹಾಕಲೇಬೇಕೆಂದು ಜಗತ್ತಿನಲ್ಲಿ ಮೊದಲು ಕಾನೂನು ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1961ರಲ್ಲಿ.

● ಹೆಲ್ಮೆಟ್ಟಿನಲ್ಲಿ ನಿಮ್ಮ ತಲೆ ಕಾಯುವುದು ಹೊರಗಿನ ಗಟ್ಟಿ ಚಿಪ್ಪೆಂದು ತಿಳಿದಿದ್ದೀರಾ? ಚಿಪ್ಪು ಏಟನ್ನು ಹರಡುತ್ತದೆ, ಚೂಪಾದದ್ದು ಒಳಗೆ ನುಗ್ಗದಂತೆ ತಡೆಯುತ್ತದೆ, ಅಷ್ಟೇ. ನಿಜವಾದ ಕೆಲಸ ಒಳಗಿನ ಥರ್ಮೋಕೋಲಿನದು. ಹೌದು, ಟಿವಿ ಡಬ್ಬದಲ್ಲಿ ಬರುವ, ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಕತ್ತರಿಸುವ ಥರ್ಮೋಕೋಲಿನ ಜಾತಿಯೇ, ಸಾಂದ್ರತೆ ಮಾತ್ರ ಹೆಚ್ಚು. ತಲೆ ನೆಲಕ್ಕೆ ಬಡಿದಾಗ ಅದರ ಲಕ್ಷಾಂತರ ಗಾಳಿಗುಳ್ಳೆಗಳು ಜಜ್ಜಿಹೋಗುತ್ತವೆ. ಹಾಗೆ ಜಜ್ಜಿಹೋಗಲು ತಗಲುವ ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೆಚ್ಚಿನ ಸಮಯವೇ ಮೆದುಳಿಗೆ ಸಿಗುವ ಜೀವದಾನ. ಏಟನ್ನು ಹೀರುವ ಪದರವಿರುವ ಹೆಲ್ಮೆಟ್ಟಿಗೆ ಅಮೆರಿಕದ ಪ್ರೊಫೆಸರ್ ಲೊಂಬಾರ್ಡ್ ಪೇಟೆಂಟ್ ಪಡೆದದ್ದು 1953ರಲ್ಲಿ. ಅದೇ ದಶಕದಲ್ಲಿ ಬೆಲ್ ಕಂಪನಿ ಅಂಥದ್ದನ್ನು ಮಾರುಕಟ್ಟೆಗೆ ತಂದಿತು.

● ಜಜ್ಜಿದ ಗುಳ್ಳೆ ಮತ್ತೆ ಉಬ್ಬುವುದಿಲ್ಲ. ಅಂದರೆ ಹೆಲ್ಮೆಟ್ ಒಂದು ಏಟಿನ ವಸ್ತು. ಹೊರಗೆ ಗೀರೂ ಇಲ್ಲದೆ ಥಳಥಳ ಹೊಳೆಯುತ್ತಿದ್ದರೂ ಒಮ್ಮೆ ತಲೆಯ ಸಮೇತ ಬಿದ್ದ ಮೇಲೆ ಅದರ ಆಯುಸ್ಸು ಮುಗಿಯಿತು. ಸೆಕೆಂಡ್ ಹ್ಯಾಂಡ್ ಬೈಕ್ ಧಾರಾಳವಾಗಿ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ, ಅದು ಭಾವಮೈದುನನದ್ದಾದರೂ.

● ಥರ್ಮೋಕೋಲ್ ಚೂರೊಂದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ಬೆಂಕಿಯಿಂದ ದೂರದಲ್ಲಿ, ಎರಡು ಹನಿ ಪೆಟ್ರೋಲ್ ಬಿಟ್ಟು ನೋಡಿ. ಬಿಸಿ ಅನ್ನದ ಮೇಲಿನ ಬೆಣ್ಣೆಯಂತೆ ಕುಗ್ಗಿ ಅಂಟು ಮುದ್ದೆಯಾಗುತ್ತದೆ. ಬಂಕಿನಲ್ಲಿ ಹೆಲ್ಮೆಟ್ ತೆಗೆದು ಮುಚ್ಚಳ ತೆರೆದ ಟ್ಯಾಂಕಿನ ಪಕ್ಕ ಬೋರಲು ಇಡುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು. ಥಿನ್ನರ್, ಸ್ಪ್ರೇ ಪೇಂಟ್ ಕೂಡ ಹೀಗೆಯೇ. ಪಾಲಿಕಾರ್ಬೊನೇಟ್ ಚಿಪ್ಪನ್ನೂ ಅವು ಒಳಗೊಳಗೇ ಬಿರುಕು ಬಿಡಿಸುತ್ತವೆ. ಕನ್ನಡಿಯ ಕಂಬಿಗೆ ಹೆಲ್ಮೆಟ್ ನೇತುಹಾಕುವ ಅಭ್ಯಾಸವಿದ್ದರೆ ಒಳಗೆ ಬೆರಳಾಡಿಸಿ ನೋಡಿ, ಕಂಬಿಯ ತುದಿ ಕೊರೆದ ಕುಳಿ ಸಿಕ್ಕೀತು. ತೊಳೆಯಲು ಮಕ್ಕಳ ಶಾಂಪೂ, ನೀರು ಸಾಕು.

● ಗಂಟೆಗೆ 40 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೂ ಸುಮಾರು 6.3 ಮೀಟರ್ ಎತ್ತರದಿಂದ, ಅಂದರೆ ಎರಡು ಮಹಡಿಯ ಮನೆಯ ತಾರಸಿಯಿಂದ ಬೀಳುವುದೂ ಒಂದೇ. 60 ಕಿ.ಮೀ. ಆದರೆ ಎತ್ತರ 14 ಮೀಟರಿಗೂ ಹೆಚ್ಚು. ವೇಗ ಒಂದೂವರೆ ಪಟ್ಟು, ಏಟು ಎರಡೂಕಾಲು ಪಟ್ಟು. 'ಇಲ್ಲೇ ತರಕಾರಿ ತರೋಕೆ' ಎಂದು ಹೊರಟವರೂ ಹೋಗುವುದು 40ರಲ್ಲೇ.

● ಹಾಗಾದರೆ ಹೆಲ್ಮೆಟ್ಟನ್ನು ಎಷ್ಟು ವೇಗದಲ್ಲಿ ಕೆಡವಿ ಪರೀಕ್ಷೆ ಮಾಡುತ್ತಾರೆ? ಯುರೋಪಿನ ಇಸಿಇ ಪರೀಕ್ಷೆಯ ಮುಖ್ಯ ಏಟಿನ ವೇಗ ಸೆಕೆಂಡಿಗೆ 7.5 ಮೀಟರ್, ಗಂಟೆಯ ಲೆಕ್ಕದಲ್ಲಿ 27 ಕಿ.ಮೀ. 'ಇಷ್ಟೇನಾ?' ಎಂದು ಮೂಗು ಮುರಿಯಬೇಡಿ. 80ರಲ್ಲಿ ಹೋಗುವ ಸವಾರ ಬಿದ್ದರೂ ಸಾಮಾನ್ಯವಾಗಿ ಅವನ ತಲೆ ನೆಲಕ್ಕೆ ಬರುವುದು ಕೂತಿದ್ದ ಎತ್ತರದಿಂದ. ಮುಂದಿನ ವೇಗ ಜಾರುವುದರಲ್ಲಿ ಕಳೆಯುತ್ತದೆ, ಎದುರಿಗೆ ಮರವೋ ಲಾರಿಯೋ ಇಲ್ಲದಿದ್ದರೆ. ಆ 'ಇಲ್ಲದಿದ್ದರೆ' ನಮ್ಮ ರಸ್ತೆಗಳಲ್ಲಿ ಬಹಳ ದೊಡ್ಡ ಮಾತು.

● ಬಿದ್ದವರ ಹೆಲ್ಮೆಟ್ಟುಗಳಲ್ಲಿ ಏಟು ಎಲ್ಲೆಲ್ಲಿ ಬಿದ್ದಿದೆ ಎಂದು ಜರ್ಮನಿಯಲ್ಲಿ ಗುರುತು ಹಾಕಿ ನೋಡಿದರು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಏಟು ಗಲ್ಲದ ಭಾಗದಲ್ಲಿತ್ತು. ಮುಖ ತೆರೆದ ಹೆಲ್ಮೆಟ್ಟಿನಲ್ಲಿ ಆ ಭಾಗವೇ ಇಲ್ಲ. ಅರ್ಧ ತಲೆಗೆ ಕೂರುವ 'ಚಟ್ಟಿ' ಮಾದರಿಯದನ್ನು ಹೆಲ್ಮೆಟ್ ಎಂದು ಕರೆಯಲು ನನಗಂತೂ ಮನಸ್ಸಿಲ್ಲ.

● ಗಲ್ಲದ ಭಾಗವನ್ನು ಮೇಲಕ್ಕೆತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್ಟಿನ ಒಳಗೆ ಯುರೋಪಿನ ಗುರುತಿದ್ದರೆ ಅದರ ಪಕ್ಕದ ಅಕ್ಷರ ಓದಿ. 'ಪಿ' ಇದ್ದರೆ ಗಲ್ಲದ ಕಂಬಿ ರಕ್ಷಣೆ ಕೊಡುತ್ತದೆ, ಬರೀ 'ಜೆ' ಅಥವಾ 'ಎನ್‌ಪಿ' ಇದ್ದರೆ ಕೊಡುವುದಿಲ್ಲ. ಒಂದು ಅಕ್ಷರದಲ್ಲಿ ಒಂದು ದವಡೆ!

ಈಗ ಅಂಗಡಿಗೆ ಬರೋಣ. ಮಗಳಿಗೆ ಹೆಲ್ಮೆಟ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿದ್ದೆ. ಬಿಡಿಭಾಗಗಳ ಅಂಗಡಿಗಳ ಸಾಲಿನ ನಡುವೆ ಒಂದು ಪುಟ್ಟ ಅಂಗಡಿ. ಕೌಂಟರಿನ ಹಿಂದಿದ್ದ ಹಿರಿಯರು ಕೇಳಿದ ಮೊದಲ ಪ್ರಶ್ನೆ, "ಪೊಲೀಸ್‌ಗಾ ಸಾರ್, ತಲೆಗಾ?" ತಲೆಗೆ ಎಂದ ಮೇಲೆ ಅವರು ಡ್ರಾಯರಿನಿಂದ ದರ್ಜಿಯ ಟೇಪು ತೆಗೆದರು. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿಯ ಮೇಲಿಂದ ಹಾಯಿಸಿ, ತಲೆಯ ಹಿಂದೆ ಉಬ್ಬಿದ ಜಾಗದ ಮೇಲೆ ಸುತ್ತು ತಂದರು. 56 ಸೆಂಟಿಮೀಟರ್. "560 ತೆಗಿಯೋ" ಎಂದು ಹುಡುಗನಿಗೆ ಕೂಗಿದರು. ನಮ್ಮ ಹೆಲ್ಮೆಟ್ಟುಗಳಲ್ಲಿ ಅಚ್ಚಾಗಿರುವ 560, 580, 600 ಮಾಡೆಲ್ ನಂಬರಲ್ಲ, ತಲೆಯ ಸುತ್ತಳತೆಯ ಮಿಲಿಮೀಟರ್ ಎಂದು ನನಗೆ ಗೊತ್ತಾದದ್ದು ಆಗಲೇ.

ಮಗಳಿಗೆ ಹಿಡಿಸಿದ್ದು 580. ಸಲೀಸಾಗಿ ಹೋಗುತ್ತೆ, ಕೂದಲು ಕೆಡಲ್ಲ ಎಂದಳು. ಅವರು ಗಲ್ಲದ ಕಂಬಿ ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿದರು. ಹೆಲ್ಮೆಟ್ ತಿರುಗಿತು, ಮುಖ ಇದ್ದಲ್ಲೇ ಇತ್ತು. "ನೋಡಮ್ಮ, ಹೆಲ್ಮೆಟ್ ಜೊತೆ ಕೆನ್ನೆ ಚರ್ಮಾನೂ ಬರಬೇಕು. ಬರಲಿಲ್ಲ ಅಂದ್ರೆ ಇದು ನಿಂದಲ್ಲ." 560 ಹಾಕಿದಾಗ ಅವಳ ಕೆನ್ನೆ ಬೋಂಡಾದಂತೆ ಉಬ್ಬಿತು. "ಹತ್ತು ನಿಮಿಷ ಹಾಕ್ಕೊಂಡೇ ಕೂತಿರು, ಟೀ ತರಿಸ್ತೀನಿ. ಹಣೆ ಒಂದೇ ಕಡೆ ನೋವಾದ್ರೆ ಹೇಳು, ಬೇರೆ ಕಂಪನಿದು ಕೊಡ್ತೀನಿ. ಕೆನ್ನೆ ಬಿಗಿಯಾದ್ರೆ ಚಿಂತೆ ಇಲ್ಲ, ತಿಂಗಳಲ್ಲಿ ಸ್ಪಂಜು ಕೂರುತ್ತೆ." ಟೀ ಕುಡಿದೆವು, ಅವಳೊಬ್ಬಳು ಬಿಟ್ಟು. ಹೆಲ್ಮೆಟ್ ಆರಿಸುವ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಎಲ್ಲೂ ಓದಿಲ್ಲ.

● ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಪಟ್ಟಿಗೂ ಗಲ್ಲಕ್ಕೂ ನಡುವೆ ಎರಡು ಬೆರಳು ಹೋದರೆ ಸಾಕು, ಕೈ ಹೋಗಬಾರದು. ಪಟ್ಟಿ ಕಟ್ಟಿದ ಮೇಲೆ ಹಿಂದಿನಿಂದ ಹೆಲ್ಮೆಟ್ಟನ್ನು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

● 2021ರ ಜೂನ್ 1ರಿಂದ ಭಾರತದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಹಾಕುವುದು ಹಾಗಿರಲಿ, ತಯಾರಿಸುವುದೂ ಮಾರುವುದೂ ಅಪರಾಧ. ಅಸಲಿ ಗುರುತಿನ ಮೇಲೆ 'ಐಎಸ್ 4151' ಎಂದೂ ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲೇ ನಿಂತು ತಿಳಿಯುತ್ತದೆ. ಸಂಖ್ಯೆಯೇ ಇಲ್ಲದ ಐಎಸ್‌ಐ ಬರೀ ಸ್ಟಿಕ್ಕರ್.

● ಹಿಂಭಾಗದಲ್ಲಿ 'ಡಾಟ್' ಎಂದಿದ್ದರೆ ಅದು ಅಮೆರಿಕದ ಗುರುತು. ಅಲ್ಲಿ ಸರ್ಕಾರ ಮುಂಚಿತವಾಗಿ ಪರೀಕ್ಷಿಸಿ ಆ ಗುರುತು ಕೊಡುವುದಿಲ್ಲ. ನಿಯಮದಂತೆ ಮಾಡಿದ್ದೇವೆಂದು ಕಂಪನಿಯೇ ಹಚ್ಚಿಕೊಳ್ಳುತ್ತದೆ, ಸರ್ಕಾರ ಆಮೇಲೆ ಮಾರುಕಟ್ಟೆಯಿಂದ ಮಾದರಿ ತಂದು ಪರೀಕ್ಷಿಸುತ್ತದೆ. ಯುರೋಪಿನ ವೃತ್ತದೊಳಗಿನ 'ಇ' ಪಕ್ಕದ ಅಂಕಿ ಅನುಮೋದನೆ ಕೊಟ್ಟ ದೇಶದ್ದು. 1 ಎಂದರೆ ಜರ್ಮನಿ, 2 ಫ್ರಾನ್ಸ್, 3 ಇಟಲಿ. ಗುಣಮಟ್ಟದ ರ‍್ಯಾಂಕ್ ಎಂದು ತಿಳಿದು 'ಇ1'ಗೆ ಹೆಚ್ಚು ದುಡ್ಡು ಕೊಡಬೇಡಿ.

● ಹೊಸ ದ್ವಿಚಕ್ರ ವಾಹನ ಕೊಂಡಾಗ ಅದರ ಜೊತೆಗೆ ಮಾನದಂಡಕ್ಕೆ ತಕ್ಕ ಹೆಲ್ಮೆಟ್ ಕೊಡುವುದು ತಯಾರಕರ ಕರ್ತವ್ಯ. ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಶೋರೂಮಿನಲ್ಲಿ ಸ್ವೀಟ್ ಬಾಕ್ಸ್ ಕೊಡುವಾಗ ನಗುತ್ತಲೇ ಕೇಳಿ.

● ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಪೇಟ ತೊಟ್ಟ ಸಿಖ್ಖರನ್ನು ಬಿಟ್ಟು. ಕಾಯ್ದೆಯಲ್ಲಿ ದಂಡ 1,000 ರೂ., ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಕರ್ನಾಟಕ ಸರ್ಕಾರ 2019ರಲ್ಲಿ ದಂಡವನ್ನು 500ಕ್ಕೆ ಇಳಿಸಿತು. ತಲೆಯ ಬೆಲೆಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಎನ್ನಿ.

● ಇನ್ನೂ ಚಿಕ್ಕ ಮಕ್ಕಳಿಗೆ? ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವಾಗ ಅದನ್ನು ಸವಾರನ ಮೈಗೆ ಬಿಗಿಯುವ ಹಾರ್ನೆಸ್ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಹಾರ್ನೆಸ್ 30 ಕೆ.ಜಿ. ತೂಕ ತಡೆಯಬೇಕು. 2023ರ ಫೆಬ್ರುವರಿ 15ರಿಂದ ಇದು ಜಾರಿಯಲ್ಲಿದೆ. ಆದರೂ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿ 'ಹಾರ್ನ್ ಹೊಡಿ ಪುಟ್ಟಾ' ಎನ್ನುವ ಅಪ್ಪಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ಎದುರು ಬಡಿದರೆ ಆ ಮಗುವೇ ಅಪ್ಪನ ಏರ್‌ಬ್ಯಾಗ್. ಕಟುವಾಗಿ ಹೇಳಿದೆ, ಕ್ಷಮಿಸಿ.

● 2022ರಲ್ಲಿ ದೇಶದ ರಸ್ತೆಗಳಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಇವರಲ್ಲಿ 14,337 ಮಂದಿ ಹಿಂದಿನ ಸೀಟಿನಲ್ಲಿದ್ದವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ 2016ರ ಜನವರಿಯಲ್ಲಿ ಜಾರಿಗೆ ಬಂದಾಗ ಎಷ್ಟು ಗೊಣಗಿದ್ದೆವು! ರಾಷ್ಟ್ರಪ್ರಶಸ್ತಿ ಪಡೆದ ನಮ್ಮ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ತಲೆಗೆ ಏಟಾಗಿ ಹೋದದ್ದು ಗೆಳೆಯನ ಬೈಕಿನ ಹಿಂದಿನ ಸೀಟಿನಿಂದ ಬಿದ್ದು. ಅವರ ಅಂಗಾಂಗಗಳು ಬೇರೆಯವರಿಗೆ ಜೀವ ಕೊಟ್ಟವು.

● 'ಹೆಲ್ಮೆಟ್ ಹಾಕಿದ್ರೆ ಹಾರ್ನ್ ಕೇಳ್ಸಲ್ಲ, ಕತ್ತು ಮುರಿಯುತ್ತೆ.' ಈ ಎರಡೂ ಮಾತಿಗೆ 1981ರಲ್ಲೇ ಉತ್ತರ ಸಿಕ್ಕಿತ್ತು. ಹ್ಯಾರಿ ಹರ್ಟ್ ಎಂಬ ಪ್ರೊಫೆಸರ್ ತಮ್ಮ ತಂಡದೊಂದಿಗೆ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ಒಂದೊಂದನ್ನೂ ಬಿಡಿಸಿ ನೋಡಿದರು. ಹೆಲ್ಮೆಟ್ಟಿನಿಂದ ಸದ್ದು ಕೇಳದೆ ಅಪಘಾತವಾಯಿತೆಂಬ ಪುರಾವೆ ಸಿಗಲಿಲ್ಲ. ಹಾಕಿದ್ದವರಿಗೆ ತಲೆಯ ಗಾಯವೂ ಕತ್ತಿನ ಗಾಯವೂ ಕಡಿಮೆಯೇ ಇದ್ದವು. ಕೂದಲು ಉದುರುವ ಬಗ್ಗೆ ಹರ್ಟ್ ಏನೂ ಹೇಳಿಲ್ಲ. ಒಳಗೊಂದು ಹತ್ತಿಬಟ್ಟೆಯ ಟೋಪಿ ಹಾಕಿ ಒಗೆಯುತ್ತಿರಿ.

● ಬಣ್ಣಕ್ಕೂ ಬೆಲೆಯಿದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬಿಳಿ ಹೆಲ್ಮೆಟ್ ತೊಟ್ಟವರಿಗೆ ಕಪ್ಪು ತೊಟ್ಟವರಿಗಿಂತ ಅಪಘಾತದ ಸಂಭವ ಶೇ 24ರಷ್ಟು ಕಡಿಮೆ. ಹೊಳೆಯುವ ಅಥವಾ ಬೆಳಕು ಹಿಂದಿರುಗಿಸುವ ಬಟ್ಟೆ ತೊಟ್ಟಿದ್ದರೆ ಶೇ 37 ಕಡಿಮೆ. ನಮ್ಮ ಅಂಗಡಿಗಳಲ್ಲಿ ಹತ್ತಕ್ಕೆ ಎಂಟು ಹೆಲ್ಮೆಟ್ 'ಮ್ಯಾಟ್ ಬ್ಲ್ಯಾಕ್'. ರಾತ್ರಿ ಹೆದ್ದಾರಿಯಲ್ಲಿ ಕರಿ ಜಾಕೆಟ್, ಕರಿ ಹೆಲ್ಮೆಟ್, ಕರಿ ಬೈಕು ಸೇರಿದರೆ ಲಾರಿ ಡ್ರೈವರಿಗೆ ಕಾಣುವುದು ಬರೀ ಕತ್ತಲೆ.

● ಕಪ್ಪು ವೈಸರ್ ಹಗಲಿಗೆ ಮಾತ್ರ. ಆಗುಂಬೆ, ಚಾರ್ಮಾಡಿಯ ಮಂಜಿನಲ್ಲಿ ಬೇರೆಯೇ ಸಮಸ್ಯೆ. ಹೊರಗಿನ ಮಂಜಿಗಿಂತ ನಿಮ್ಮ ಉಸಿರಿನ ಹಬೆಯೇ ಹೆಚ್ಚು ಕುರುಡು ಮಾಡುತ್ತದೆ. ಪಿನ್‌ಲಾಕ್ ಎಂಬ ತೆಳು ಹಾಳೆಯನ್ನು ವೈಸರಿನ ಒಳಗೆ ಕೂರಿಸಿದರೆ ನಡುವೆ ಗಾಳಿಯ ಪದರ ಉಳಿದು ಹಬೆ ಕೂರುವುದಿಲ್ಲ. ಕೊಳ್ಳುವಾಗ ವೈಸರಿನ ಎರಡು ಬದಿಯಲ್ಲಿ ಅದಕ್ಕೆ ಗುಬ್ಬಿಗಳಿವೆಯೇ ನೋಡಿ.

ತಲೆ ಮುಗಿಯಿತು, ಮೈಗೆ ಬಂದೆವು. ಕರ್ಣನಿಗೆ ಕವಚ ಹುಟ್ಟುತ್ತಲೇ ಬಂದಿತ್ತು, ನಮಗೆ ಬಿಲ್ ಬರುತ್ತದೆ.

● ಸಿನಿಮಾಗಳಲ್ಲಿ ಬೈಕ್ ಹೀರೋಗಳು ತೊಡುವ, ಓರೆ ಜಿಪ್ಪಿನ ಕರಿ ಚರ್ಮದ ಜಾಕೆಟ್ಟನ್ನು 1928ರಲ್ಲಿ ಮಾಡಿದವರು ನ್ಯೂಯಾರ್ಕಿನ ಅರ್ವಿಂಗ್ ಶಾಟ್. ತಮಗೆ ಇಷ್ಟದ ಸಿಗಾರಿನ ಹೆಸರನ್ನೇ ಅದಕ್ಕೆ 'ಪರ್ಫೆಕ್ಟೊ' ಎಂದು ಇಟ್ಟರು. ಬೆಲೆ ಐದೂವರೆ ಡಾಲರ್. ಜಿಪ್ಪು ಓರೆಯಾಗಿ ಬಂದದ್ದು ಸ್ಟೈಲಿಗಲ್ಲ. ಮುಂದಕ್ಕೆ ಬಾಗಿ ಕೂತಾಗ ಹೊಟ್ಟೆಗೆ ಒತ್ತದಿರಲಿ, ಎದೆಗೆ ಗಾಳಿ ನುಗ್ಗದಿರಲಿ ಎಂದು.

● ಸಾಮಾನ್ಯ ಜೀನ್ಸ್ ಪ್ಯಾಂಟು ಡಾಂಬರಿನ ಮೇಲೆ ಜಾರುವಾಗ ಕ್ಷಣದಲ್ಲಿ ತೂತಾಗುತ್ತದೆ. ಅದರ ಒಳಗೆ ಕೆವ್ಲಾರ್ ಬಟ್ಟೆಯ ಪದರ ಹೊಲಿದ ರೈಡಿಂಗ್ ಜೀನ್ಸ್ ಬೇರೆಯೇ ಜಾತಿ. ಕೆವ್ಲಾರ್ ಕಂಡುಹಿಡಿದವರು ಸ್ಟೆಫನಿ ಕ್ವೊಲೆಕ್ ಎಂಬ ರಸಾಯನ ವಿಜ್ಞಾನಿ, 1965ರಲ್ಲಿ. ಅವರು ಹುಡುಕುತ್ತಿದ್ದದ್ದು ಟೈರಿನೊಳಗೆ ಹಾಕಲು ಹಗುರವಾದ ನೂಲನ್ನು.

● ಜಾಕೆಟ್ಟಿನ ಒಳ ಲೇಬಲ್ಲಿನಲ್ಲಿ 'ಇಎನ್ 17092' ಎಂದಿದೆಯೇ? ಅದರ ಜೊತೆಗೆ ಎಎಎ, ಎಎ, ಎ ಎಂಬ ದರ್ಜೆ ಇರುತ್ತದೆ. ಎಎಎ ಅತಿ ಗಟ್ಟಿ, ಅತಿ ಸೆಕೆ. ಊರೊಳಗಿನ ಓಡಾಟಕ್ಕೆ ಎ, ಹೆದ್ದಾರಿಗೆ ಎಎ ಎಂಬುದು ನನ್ನ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಜಾಳಿಗೆ ಬಟ್ಟೆಯ ಮೆಶ್ ಜಾಕೆಟ್ ಸಾಕು. ಬಿಸಿಲಿಗೆ ಹೆದರಿ ಮನೆಯಲ್ಲೇ ತೂಗುಹಾಕಿದ ಎಎಎಗಿಂತ ಮೈಮೇಲಿರುವ ಎ ವಾಸಿ.

● ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕ ಸವಾರರ ಬಟ್ಟೆಗಳನ್ನು ಸಂಶೋಧಕರು ಪರೀಕ್ಷಿಸಿದಾಗ ಬೈಕ್ ಜಾಕೆಟ್ಟುಗಳಲ್ಲಿ ಸುಮಾರು ಶೇ 30, ಗ್ಲೌಸುಗಳಲ್ಲಿ ಕಾಲುಭಾಗ ಬೀಳುವಾಗ ಕೈಕೊಟ್ಟಿದ್ದವು. ಹರಿದುಹೋದ ಹೊಲಿಗೆ, ತೂತುಬಿದ್ದ ಬಟ್ಟೆ. ಹೀಗಾಗಿ ಕೊಳ್ಳುವಾಗ ಜಾಕೆಟ್ಟನ್ನು ತಿರುವಿ ಹಾಕಿ ಭುಜ, ಮೊಣಕೈ ಹತ್ತಿರದ ಹೊಲಿಗೆ ನೋಡಿ. ಒಂದೇ ಸಾಲು ಇದ್ದರೆ ಮತ್ತೆ ತಿರುವಿ ಹ್ಯಾಂಗರಿಗೆ ಹಾಕಿ.

● ಮೊಣಕೈಗೆ, ಮಂಡಿಗೆ ಹಾಕುವ ಕೆಲವು ಪ್ಯಾಡುಗಳು ಕೈಯಲ್ಲಿ ಹಿಡಿದರೆ ರಬ್ಬರಿನಂತೆ ಬಾಗುತ್ತವೆ, ಸುತ್ತಿಗೆಯಲ್ಲಿ ಹೊಡೆದರೆ ಹಲಗೆಯಾಗುತ್ತವೆ. ಡಿ3ಒ ಎಂಬ ಕಿತ್ತಳೆ ಬಣ್ಣದ ವಸ್ತು ಇದರಲ್ಲಿ ಹೆಸರುವಾಸಿ. ಗುಟ್ಟು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಿ ಕಾರ್ನ್‌ಫ್ಲೋರಿಗೆ ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ. ಬೆರಳನ್ನು ನಿಧಾನ ಇಳಿಸಿದರೆ ಮುಳುಗುತ್ತದೆ, ಗುದ್ದಿದರೆ ಕಲ್ಲು.

● ಜಾಕೆಟ್ಟಿನ ಬೆನ್ನಿಗೆ ಅನೇಕ ಕಂಪನಿಗಳು ಹಾಕಿ ಕಳಿಸುವುದು ಬರೀ ಸ್ಪಂಜಿನ ಹಾಳೆ. ಜಾಗ ತುಂಬಲು. ಜಿಪ್ಪು ತೆಗೆದು ಹೊರಗೆಳೆದು ನೋಡಿ. ಬೆನ್ನುರಕ್ಷೆಗೆ 'ಇಎನ್ 1621-2' ಎಂಬ ಗುರುತಿರಬೇಕು. ಮೊದಲ ಹಂತದ್ದು ಪರೀಕ್ಷೆಯಲ್ಲಿ ಸರಾಸರಿ 18 ಕಿಲೋನ್ಯೂಟನ್ ಬಲವನ್ನು ಬೆನ್ನಿಗೆ ಬಿಡಬಹುದು, ಎರಡನೇ ಹಂತದ್ದು 9 ಮಾತ್ರ. ದುಡ್ಡು ಎಲ್ಲಾದರೂ ಹೆಚ್ಚು ಹಾಕಬೇಕೆಂದಿದ್ದರೆ ಇಲ್ಲಿ ಹಾಕಿ.

● ಸವಾರನ ಮೈಮೇಲೆ ಉಬ್ಬುವ ಏರ್‌ಬ್ಯಾಗ್ ಕೋಟುಗಳೂ ಇವೆ. ಕೆಲವಕ್ಕೆ ಬೈಕಿಗೆ ಕಟ್ಟಿದ ದಾರ, ಸವಾರ ಹಾರಿದಾಗ ಅದು ಎಳೆದು ಗ್ಯಾಸ್ ಬಿಡುತ್ತದೆ. ಕೆಲವಕ್ಕೆ ಸೆನ್ಸರ್. ಮೋಟೊಜಿಪಿ ರೇಸಿನಲ್ಲಿ ಇದು 2018ರಿಂದ, ಡಾಕರ್ ರ‍್ಯಾಲಿಯಲ್ಲಿ 2021ರಿಂದ ಕಡ್ಡಾಯ. 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಏರ್‌ಬ್ಯಾಗ್ ಕಡ್ಡಾಯವಾದ 2021ರ ರ‍್ಯಾಲಿಯಲ್ಲೇ ಅವರು ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದರು. ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಒಯ್ದು, ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಆಮೇಲೆ ಚೇತರಿಸಿಕೊಂಡು ಮನೆಗೆ ಬಂದರು.

● ಬೀಳುವಾಗ ಯಾರಾದರೂ ಮೊದಲು ನೆಲಕ್ಕೆ ಊರುವುದು ಅಂಗೈ. ಹೆಬ್ಬೆರಳ ಬುಡದಲ್ಲಿ ಗೋಡಂಬಿ ಗಾತ್ರದ ಸ್ಕೇಫಾಯ್ಡ್ ಎಂಬ ಮೂಳೆಯಿದೆ. ರಕ್ತಸಂಚಾರ ಕಡಿಮೆಯಿರುವ ಜಾಗವಾದ್ದರಿಂದ ಮುರಿದರೆ ಕೂಡಿಕೊಳ್ಳಲು ತಿಂಗಳುಗಟ್ಟಲೆ. ಒಳ್ಳೆಯ ಗ್ಲೌಸಿನ ಅಂಗೈಯ ಬುಡದಲ್ಲಿ ನುಣುಪಾದ ಗಟ್ಟಿ ಪ್ಲಾಸ್ಟಿಕ್ ತುಂಡು ಇರುವುದು ಅದಕ್ಕೇ. ಕೈ ನೆಲಕ್ಕೆ ಕಚ್ಚಿಕೊಳ್ಳದೆ ಜಾರಲಿ ಎಂದು. ಮಣಿಕಟ್ಟಿಗೆ ಪಟ್ಟಿ ಇಲ್ಲದ ಗ್ಲೌಸು ಬಿದ್ದಾಗ ಕೈಯಿಂದ ಕಳಚಿ ಹೋಗುತ್ತದೆ.

● ಚಪ್ಪಲಿ ಬೈಕಿನ ಪಾದರಕ್ಷೆಯಲ್ಲ. ಬೂಟು ಕೊಳ್ಳುವಾಗ ಹಿಮ್ಮಡಿಗಂಟು ಮುಚ್ಚಬೇಕು, ಲೇಸು ಗೇರಿಗೆ ಸಿಕ್ಕಿಕೊಳ್ಳಬಾರದು. ಇಷ್ಟೇ.

● ಮಳೆಗೆ ಮಂಡಿವರೆಗೆ ಇಳಿಬಿಡುವ ಕೊಪ್ಪೆಯಂಥ ರೇನ್‌ಕೋಟ್ ಗದ್ದೆಗೆ ಚೆಂದ. ಬೈಕಿನ ಮೇಲೆ ಅದು ಗಾಳಿಗೆ ಹಾಯಿಯಾಗುತ್ತದೆ, ಅಂಚು ಚಕ್ರಕ್ಕೆ ಹೋಗುತ್ತದೆ. ಪ್ಯಾಂಟು ಬೇರೆ, ಕೋಟು ಬೇರೆ ಇರುವುದನ್ನೇ ಕೊಳ್ಳಿ, ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುವುದನ್ನು.

ಕೊನೆಗೆ ಬೈಕು. ಅದರ ಬಗ್ಗೆ ನಮಗೆ ಯಾರೂ ಹೇಳಬೇಕಾಗಿಲ್ಲ, ಆದರೂ.

● ಹಿಂದಿನ ಚಕ್ರದ ಎಡಕ್ಕೆ ಇರುವ ಜಾಳಿಗೆ, ನಮ್ಮ ಬಾಯಲ್ಲಿ 'ಸೀರೆ ಗಾರ್ಡ್', ಕಂಪನಿಯ ಉಪಕಾರವಲ್ಲ. ಕೇಂದ್ರ ಮೋಟಾರು ವಾಹನ ನಿಯಮ 123ರಂತೆ ಹಿಂಬದಿ ಸವಾರರಿಗೆ ಹಿಡಿ, ಕಾಲಿಡಲು ಜಾಗ ಮತ್ತು ಬಟ್ಟೆ ಸಿಕ್ಕದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕು. ಲುಕ್ ಕೆಡುತ್ತದೆಂದು ಮೊದಲ ಸರ್ವಿಸಿನಲ್ಲೇ ಬಿಚ್ಚಿಸುವ ಹುಡುಗರೇ, ಅಮ್ಮನ ಸೆರಗು, ತಂಗಿಯ ದುಪಟ್ಟಾ ಸುತ್ತಿಕೊಳ್ಳುವುದು ಅಲ್ಲೇ. ಚೈನ್ ಕವರಿಗೂ ಇದೇ ಮಾತು.

● ಕ್ರ್ಯಾಶ್ ಗಾರ್ಡ್ ಕಾಲು ಉಳಿಸುತ್ತದೆಯೇ? ಹರ್ಟ್ ವರದಿಯ ಉತ್ತರ ನಮ್ಮ ಊರಿನ ನಂಬಿಕೆಗೆ ವಿರುದ್ಧ. ಪಾದ, ಹಿಮ್ಮಡಿಗಂಟಿನ ಗಾಯ ಎಷ್ಟು ತಗ್ಗಿತೋ ಅಷ್ಟೇ ಗಾಯ ಮಂಡಿ, ತೊಡೆ, ಮೊಣಕಾಲ ಕೆಳಗೆ ಹೆಚ್ಚಿತು. ನಿಂತ ಬೈಕು ವಾಲಿದಾಗ ಟ್ಯಾಂಕ್, ಎಂಜಿನ್, ಇಂಡಿಕೇಟರ್ ಉಳಿಯುವುದು ನಿಜ. ಅದಕ್ಕಾಗಿ ಹಾಕಿಸಿ, ಕಂಪನಿಯದೇ ಅಳತೆಯದ್ದನ್ನು. ಕಾಲಿಗೆ ರಕ್ಷಣೆ ಎಂದು ನಂಬಿ ಹಾಕಿಸಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಅಗಲವಾದ ಗಾರ್ಡ್ ನೆಲಕ್ಕೆ ಕಚ್ಚಿಕೊಂಡು ಬೈಕನ್ನೇ ತಿರುಗಿಸಿ ಎಸೆಯಬಲ್ಲದು.

● ಟ್ಯಾಂಕಿನ ರೆಕ್ಸಿನ್ ಕವರಿನ ಅಡಿಗೆ ದೂಳು, ನೀರು ಸೇರುತ್ತದೆ. ಬೈಕು ಅದುರಿದಂತೆಲ್ಲ ಅದು ಉಪ್ಪುಕಾಗದವಾಗುತ್ತದೆ. ಐದು ವರ್ಷ ಕಾಪಾಡಿದ ಬಣ್ಣವನ್ನು ಮಾರುವ ದಿನ ಕವರ್ ತೆಗೆದು ನೋಡಿದವರು ಹೌಹಾರಿದ್ದುಂಟು. ಬೈಕ್ ಮುಚ್ಚುವ ದೊಡ್ಡ ಕವರೂ ಅಷ್ಟೇ. ಸೈಲೆನ್ಸರ್ ತಣಿಯುವ ಮೊದಲು ಹಾಕಿದರೆ ಕರಗಿ ಅಂಟುತ್ತದೆ, ಒದ್ದೆ ಬೈಕಿಗೆ ಹಾಕಿದರೆ ತುಕ್ಕನ್ನು ಸಾಕುತ್ತದೆ.

● ಸಂಕ್ರಾಂತಿಯ ಗಾಳಿಪಟದ ಕಾಲದಲ್ಲಿ ಅಹಮದಾಬಾದಿನ ಬೈಕುಗಳ ಹ್ಯಾಂಡಲ್ಲಿಗೆ ಕಮಾನಿನಂತೆ ಬಾಗಿದ ಕಂಬಿ ಏರುತ್ತದೆ. ಗಾಜುಪುಡಿ ಹಚ್ಚಿದ ಮಾಂಜಾ ದಾರ ಕುತ್ತಿಗೆಗೆ ಬರುವ ಮೊದಲೇ ತಡೆಯಲು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ, ದಾರ ಮಾತ್ರ ಇನ್ನೂ ಹಾರುತ್ತಲೇ ಇದೆ. ಗಾಳಿಪಟ ಜೋರಾಗಿರುವ ಊರುಗಳಲ್ಲಿ ಅಂಥದೊಂದು ಕಂಬಿ, ಕುತ್ತಿಗೆಗೆ ದಪ್ಪ ಬಟ್ಟೆ ಇರಲಿ.

● 'ಲೈಟ್ ಆನ್ ಇದೆ' ಎಂದು ಎದುರಿನಿಂದ ಬರುವವರು ಈಗಲೂ ಬೆರಳು ಮಡಚಿ ಬಿಚ್ಚಿ ತೋರಿಸುತ್ತಾರೆ. 2017ರ ಏಪ್ರಿಲ್‌ನಿಂದ ಮಾರಾಟವಾದ ದ್ವಿಚಕ್ರಗಳಲ್ಲಿ ಎಂಜಿನ್ ಚಾಲೂ ಆದರೆ ಹೆಡ್‌ಲೈಟ್ ತಾನೇ ಉರಿಯಬೇಕು, ಅದು ನಿಯಮ. ಸ್ವಿಚ್ ಹಾಕಿಸಿ ಆರಿಸುವ ಮೆಕ್ಯಾನಿಕ್‌ಗಳಿಂದ ದೂರವಿರಿ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಬೀಳದಂತೆ ನೋಡಿಕೊಳ್ಳುವುದೂ ರಕ್ಷಣೆಯೇ. ಹಳೆಯ ಬೈಕ್ ಕೊಳ್ಳುವವರು ಮುಂದಿನ ಚಕ್ರದ ಡಿಸ್ಕ್ ಪಕ್ಕದಲ್ಲಿ ಸೀಳುಗಳಿರುವ ಪುಟ್ಟ ಉಂಗುರ ಇದೆಯೇ ನೋಡಿ. ಇದ್ದರೆ ಎಬಿಎಸ್ ಇದೆ.

● ಮುಗಿಸುವ ಮೊದಲು ಒಂದು ಮಾತು. ಹೆಲ್ಮೆಟ್ ತಯಾರಾದ ತಿಂಗಳು ಮತ್ತು ವರ್ಷವನ್ನು ಒಳಗಡೆ ಮುದ್ರಿಸಿರುತ್ತಾರೆ. ಬೆವರು, ಬಿಸಿಲು, ಎಣ್ಣೆಗೆ ಒಳಗಿನ ಪದರ, ಅಂಟು, ಪಟ್ಟಿ ಸವೆಯುವುದರಿಂದ ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಿಸಿ ಎಂಬುದು ತಯಾರಕರ ಸಲಹೆ. ನಾನು ಈ ಅಂಕಣ ಬರೆಯುತ್ತ ನನ್ನದನ್ನು ತಿರುವಿ ನೋಡಿದೆ, ಏಳು ವರ್ಷವಾಗಿತ್ತು. ನಿಮ್ಮದು ಮನೆಯ ಶೂ ಸ್ಟ್ಯಾಂಡಿನ ಮೇಲೋ ಬೈಕಿನ ಕನ್ನಡಿಯ ಮೇಲೋ ಇರುತ್ತದೆ, ಈಗಲೇ ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ.